ನೊಸಲ ಬೂದಿ, ನೊಸಲ ಕುಂಕುಮ

ಹಣೆಯನ್ನು ಕುರಿತ ಮಾತುಗಳು ಕನ್ನಡದಲ್ಲಿ ಬಹಳ. ಬದುಕು ಕೆಟ್ಟರೆ ನಮ್ಮ ಹಣೆಬರಹವೆನ್ನುತ್ತೇವೆ. ಕೈಗೊಂಡ ಕೆಲಸ ಹಾಳಾದರೆ ಹಣೆ ಹಣೆ ಬಡಿದುಕೊಳ್ಳುತ್ತೇವೆ. ಹಿರಿಯರ ಪಾದಕ್ಕೆ ಹಣೆ ಹಚ್ಚುತ್ತೇವೆ. ನಮ್ಮ ಕಡೆಯ ಹಳ್ಳಿಗಳಲ್ಲಿ ಮಗು ಹುಟ್ಟಿದ ಐದಾರನೆಯ ರಾತ್ರಿ ಸಟವಿಯೆಂಬ ದೇವತೆ ಬಂದು ಅದರ ಹಣೆಯ ಮೇಲೆ ಬದುಕಿನ ಲೆಕ್ಕವನ್ನೆಲ್ಲ ಬರೆದು ಹೋಗುತ್ತಾಳೆಂಬ ನಂಬಿಕೆ ಉಂಟು. ಆ ಬರಹ ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಅದರ ಮೇಲೆಯೇ ಮನುಷ್ಯರು ತಮ್ಮ ಕೈಯಿಂದ ಇನ್ನೊಂದು ಬರಹವನ್ನು ಬರೆಯುತ್ತಾರೆ. ವಿಭೂತಿ, ಕುಂಕುಮ, ಗಂಧ, ನಾಮ, ಅಂಗಾರ, ಭಂಡಾರ, ಬುಕ್ಕ ಎಂದು ಅದಕ್ಕೆ ಹಲವು ಹೆಸರು, ಹಲವು ಬಣ್ಣ. ಕಾಣದ ಬರಹದ ವಿಚಾರವನ್ನು ತತ್ತ್ವಜ್ಞರಿಗೆ ಬಿಟ್ಟು, ಕಾಣುವ ಈ ಬರಹವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ನನ್ನ ಅಪೇಕ್ಷೆ.

ಕನ್ನಡದ 'ಬೊಟ್ಟು' ಎಂಬ ಪದವನ್ನೇ ನೋಡಿ. ಬೊಟ್ಟು ಎಂದರೆ ಹಣೆಯ ತಿಲಕ. ಬೊಟ್ಟು ಎಂದರೆ ಬೆರಳೂ ಹೌದು. 'ಬೊಟ್ಟು ಇಡು' ಎಂದರೆ ತಿಲಕವಿಡು ಎಂದರ್ಥ, 'ಬೊಟ್ಟು ಮಾಡು' ಎಂದರೆ ಬೆರಳು ತೋರಿಸು ಎಂದರ್ಥ. ಹಣೆಯ ಮೇಲೆ ಗುರುತನ್ನು ಇಡುವ ಬೆರಳೇ ಆ ಗುರುತನ್ನು ಕಂಡು 'ಇವನು ಇಂಥವನು, ಇವಳು ಇಂಥವಳು' ಎಂದು ತೋರಿಸುವ ಬೆರಳೂ ಆಗುತ್ತದೆ. ಈ ಎರಡು ಬೆರಳುಗಳ ನಡುವಿನ ಕಥೆಯೇ ನಮ್ಮ ಹಣೆಯ ಗುರುತುಗಳ ಚರಿತ್ರೆ ಎಂದು ನನಗೆ ತೋರಿದೆ.

ಈ ಚರಿತ್ರೆಯನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ ಹರಿಯುವ ನಮ್ಮ ಎರೆಯ ಸೀಮೆ, ಅಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ನೆಲ, ಅದನ್ನು ತನ್ನ ಮೈಮೇಲೆಯೇ ಬರೆದುಕೊಂಡಿದೆ. 2014ರಲ್ಲಿ ಬಿಜಾಪುರ ಜಿಲ್ಲೆ ವಿಜಯಪುರ ಜಿಲ್ಲೆಯಾಯಿತು. ಈಚಿನ ವರ್ಷಗಳಲ್ಲಿ ಹಳೆಯ ತಾಲೂಕುಗಳು ಒಡೆದು ಹೊಸವೂ ಆದವು. ನಾನು ಹೇಳುವುದು ಆ ಹಳೆಯ ನಾಲ್ಕು ತಾಲೂಕುಗಳ ಹರವನ್ನು ಮನಸ್ಸಿನಲ್ಲಿಟ್ಟುಕೊಂಡು.

ಈ ಸೀಮೆಯ ಯಾವುದಾದರೂ ದೊಡ್ಡ ಸಂತೆಯಲ್ಲಿ ಒಂದು ಗಳಿಗೆ ನಿಂತರೆ ಸಾಕು, ಭಾರತದ ಮತಧರ್ಮಗಳ ಇತಿಹಾಸ ಕಣ್ಣ ಮುಂದೆ ಹಾದುಹೋಗುತ್ತದೆ. ಹೆಬ್ಬೆಟ್ಟನ್ನು ಬಿಟ್ಟು ಮೂರು ಬೆರಳಿನಿಂದ ಅಡ್ಡಲಾಗಿ ಎಳೆದ ವಿಭೂತಿಯ ಮೂರು ಗೆರೆ ಲಿಂಗಾಯತರ ಹಣೆಯಲ್ಲಿ. ಇದೇ ತ್ರಿಪುಂಡ್ರ. ಮಾಧ್ವ ಬ್ರಾಹ್ಮಣರ ಹಣೆಯಲ್ಲಿ ಗೋಪೀಚಂದನದ ನೇರ ಗೆರೆ, ಅದರ ನಡುವೆ ಅಂಗಾರದ ಕಪ್ಪು ಗೆರೆ, ಕೆಳಗೆ ಅಕ್ಷತೆಯ ಬೊಟ್ಟು. ಏಕಾದಶಿಯ ದಿನ ಅವರು ಅಕ್ಷತೆಯನ್ನು ಇಡುವುದಿಲ್ಲ, ಬರಿಯ ಅಂಗಾರ. ಹೀಗಾಗಿ ಬಲ್ಲವರಿಗೆ ಆ ಹಣೆ ಒಂದು ಪಂಚಾಂಗವೂ ಹೌದು. ಸ್ಮಾರ್ತರಲ್ಲಿ ಭಸ್ಮ ಅಥವಾ ಗಂಧ. ಪಂಢರಪುರಕ್ಕೆ ನಡೆದು ಹೋಗಿ ಬಂದ ವಾರಕರಿಯ ಹಣೆಯಲ್ಲಿ ಗೋಪೀಚಂದನದೊಡನೆ ಪರಿಮಳದ ಕಪ್ಪು ಬುಕ್ಕ. ಹಾಲುಮತದ ಕುರುಬರ ಹಣೆಯಲ್ಲಿ ಅರಿಷಿಣದ ಭಂಡಾರ. ದೀಪಾವಳಿಯ ಅಮಾವಾಸ್ಯೆಗೆ ಗಡಿಯಾಚೆ ಮಂಗಳವೇಢೆ ತಾಲೂಕಿನ ಹುಲಜಂತಿಯಲ್ಲಿ ಮಾಳಿಂಗರಾಯನ ಜಾತ್ರೆ ಕೂಡಿದಾಗ ಭಂಡಾರದ ಧೂಳಿನಲ್ಲಿ ಹಣೆಯಷ್ಟೇ ಅಲ್ಲ, ಮೈ, ಕಂಬಳಿ, ಪಲ್ಲಕ್ಕಿ, ನೆಲ ಎಲ್ಲವೂ ಹಳದಿಯಾಗುತ್ತವೆ. ಎಳೆಯ ಕೂಸಿನ ಹಣೆಯಲ್ಲಿ ದೃಷ್ಟಿ ತಾಗದಿರಲೆಂದು ಕಾಡಿಗೆಯ ಬೊಟ್ಟು. ಹಳೆಯ ಕಾಲದ ಹೆಣ್ಣುಮಕ್ಕಳ ಹುಬ್ಬಿನ ನಡುವೆ ಹಸಿರು ಹಚ್ಚೆಯ ಚುಕ್ಕೆ.

ಇಷ್ಟು ಬಗೆಯ ಗುರುತುಗಳಲ್ಲಿ ಎರಡನ್ನು ಮಾತ್ರ ನಾನು ಇಲ್ಲಿ ಮುಖ್ಯವಾಗಿ ಎತ್ತಿಕೊಳ್ಳುತ್ತೇನೆ. ಒಂದು ಬೂದಿ, ಇನ್ನೊಂದು ಕುಂಕುಮ. ಇವೆರಡರ ಹಾದಿ ಒಂದಕ್ಕೊಂದು ತೀರ ಬೇರೆ. ಆ ಬೇರೆತನದಲ್ಲಿ ನಾವು ಇಂದಿಗೂ ಉತ್ತರ ಕೊಡಬೇಕಾದ ಒಂದು ಪ್ರಶ್ನೆಯಿದೆ.

ಮೊದಲು ಬೂದಿಯ ಮಾತು. ಮೈಗೆ ಬೂದಿ ಹಚ್ಚಿಕೊಳ್ಳುವುದು ಬಸವಣ್ಣನವರಿಗಿಂತ ಬಹು ಹಿಂದಿನ ಆಚಾರ. ಪಾಶುಪತ ಶೈವರ ಮೂಲಗ್ರಂಥವಾದ ಪಾಶುಪತ ಸೂತ್ರ, ಸಾಧಕನು ದಿನಕ್ಕೆ ಮೂರು ಹೊತ್ತು ಭಸ್ಮಸ್ನಾನ ಮಾಡಬೇಕು, ಭಸ್ಮದಲ್ಲಿಯೇ ಮಲಗಬೇಕು ಎಂದು ವಿಧಿಸುತ್ತದೆ. ಅದರ ಮುಂದಿನ ಕವಲಾದ ಕಾಳಾಮುಖರು ಹನ್ನೊಂದು, ಹನ್ನೆರಡನೆಯ ಶತಮಾನಗಳಲ್ಲಿ ಕನ್ನಡ ನಾಡಿನ ಶಿವಾಲಯಗಳಲ್ಲಿಯೂ ಮಠಗಳಲ್ಲಿಯೂ ಪ್ರಬಲರಾಗಿದ್ದರು. ಅವರು ವಿದ್ವಾಂಸರು, ಅರಸರಿಂದ ದತ್ತಿ ಪಡೆದವರು, ಬಳ್ಳಿಗಾವೆಯಂಥ ವಿದ್ಯಾಕೇಂದ್ರಗಳನ್ನು ನಡೆಸಿದವರು. ಹಣೆಗೆ ಕಪ್ಪು ಗುರುತನ್ನು ಇಡುತ್ತಿದ್ದುದರಿಂದಲೇ ಅವರಿಗೆ ಕಾಳಾಮುಖರೆಂಬ ಹೆಸರು ಬಂದಿರಬೇಕೆಂದು ಕೆಲವು ವಿದ್ವಾಂಸರ ಊಹೆ. ಅಂತೂ ಆ ಕಾಲದಲ್ಲಿ ಬೂದಿ ಲೋಕವನ್ನು ತೊರೆದವನ ಗುರುತು. ಸಂಸಾರಿಯ ಗುರುತು ಬೇರೆ, ಸನ್ಯಾಸಿಯ ಗುರುತು ಬೇರೆ. ಉತ್ತವನು, ನೇಯ್ದವನು, ಚಪ್ಪಲಿ ಹೊಲಿದವನು ಬೂದಿಯೊಳಗೆ ಕೆಲಸ ಮಾಡಬಹುದಾಗಿತ್ತೇ ಹೊರತು ಗುರುವಿನ ಕೈಯಿಂದ ಅದನ್ನು ಹಣೆಗೆ ಪಡೆಯುವಂತಿರಲಿಲ್ಲ.

ಈ ನೆಲದ ಬಾಗೇವಾಡಿ ಆಗ ತರ್ದವಾಡಿ ನಾಡಿಗೆ ಸೇರಿದ ಊರು. ತರ್ದವಾಡಿಯೆಂದರೆ ಹಳೆಯ ಇಂಡಿ ತಾಲೂಕಿನ, ಭೀಮೆಯ ದಡದ ಇಂದಿನ ತದ್ದೇವಾಡಿ. ಬೆಳಗಾವಿ ಜಿಲ್ಲೆ ಹುಕ್ಕೇರಿ ತಾಲೂಕಿನ ಅರ್ಜುನವಾಡದಲ್ಲಿ ದೊರೆತ 1260ರ ಶಾಸನ ಬಸವಣ್ಣನವರನ್ನು ತರ್ದವಾಡಿಗೆ ಸೇರಿದ ಬಾಗೇವಾಡಿಯ ಮಾದಿರಾಜನ ಮಗನೆಂದು ಕರೆಯುತ್ತದೆ. ಪುರಾಣಗಳ ಆಚೆಗೆ ಬಸವಣ್ಣನವರ ಊರು ಮನೆತನಗಳಿಗೆ ಕಲ್ಲಿನ ಸಾಕ್ಷಿ ಅದು. ಉಪನಯನವನ್ನು ಒಲ್ಲೆನೆಂದು ಮನೆಬಿಟ್ಟ ಹುಡುಗ ಕೃಷ್ಣೆ ಮಲಪ್ರಭೆಗಳ ಕೂಡಲಸಂಗಮಕ್ಕೆ ಹೋಗಿ ಜಾತವೇದಮುನಿಗಳಲ್ಲಿ ಕಲಿತನೆಂಬುದು ಪರಂಪರೆಯ ಮಾತು.

ಮುಂದೆ ಕಲ್ಯಾಣದಲ್ಲಿ ನಡೆದುದರಲ್ಲಿ ನಮ್ಮ ವಿಷಯಕ್ಕೆ ಬೇಕಾದುದು ಇಷ್ಟು. ಗುರು, ಲಿಂಗ, ಜಂಗಮ, ಪಾದೋದಕ, ಪ್ರಸಾದ, ವಿಭೂತಿ, ರುದ್ರಾಕ್ಷಿ, ಮಂತ್ರ ಎಂಬ ಎಂಟು ಆವರಣಗಳಲ್ಲಿ ಶರಣರು ವಿಭೂತಿಯನ್ನೂ ಒಂದಾಗಿ ಎಣಿಸಿದರು. ಅದನ್ನು ಸ್ಮಶಾನದಿಂದಲೂ ಸನ್ಯಾಸದಿಂದಲೂ ಬಿಡಿಸಿ ದುಡಿಯುವವರ ಮನೆಯೊಳಗೆ ತಂದರು. ಜಾತಿಯನ್ನು ಕೇಳದೆ, ಹೆಣ್ಣು ಗಂಡೆನ್ನದೆ ಕೊಟ್ಟರು. ಹುಟ್ಟಿದ ಕೂಸಿಗೂ ಹಚ್ಚಿದರು, ಸಮಾಧಿಗೆ ಇಳಿಸುವ ದೇಹಕ್ಕೂ ಹಚ್ಚಿದರು. ಲೋಕವನ್ನು ತೊರೆದವನ ಗುರುತು ಲೋಕದಲ್ಲಿಯೇ ದುಡಿದು ಬದುಕುವವನ ಗುರುತಾಯಿತು. ಇದು ಚಿಕ್ಕ ಬದಲಾವಣೆಯೇನಲ್ಲ.

ಈ ಬದಲಾವಣೆಯ ನೆನಪು ನಮ್ಮ ತಾಲೂಕುಗಳ ಊರೂರುಗಳಿಗೆ ಅಂಟಿಕೊಂಡಿದೆ. ಹಿಂದೆ ಸಿಂದಗಿ ತಾಲೂಕಿನಲ್ಲಿದ್ದು ಈಗ ತಾನೇ ತಾಲೂಕು ಕೇಂದ್ರವಾಗಿರುವ ದೇವರ ಹಿಪ್ಪರಗಿ, ಶರಣರ ಬಟ್ಟೆಯ ಮಡಿ ಹೊತ್ತ ಮಡಿವಾಳ ಮಾಚಯ್ಯನ ಊರು. ಸಿಂದಗಿ ತಾಲೂಕಿನ ಗೋಲಗೇರಿ ಗೊಲ್ಲಾಳೇಶ್ವರನ ಕ್ಷೇತ್ರ. ಕುರಿ ಕಾಯುವ ಗೊಲ್ಲಾಳ ಕುರಿಯ ಹಿಕ್ಕೆಯನ್ನೇ ಲಿಂಗವೆಂದು ನಂಬಿ ಪೂಜಿಸಿ ಸಾಕ್ಷಾತ್ಕಾರ ಪಡೆದನೆಂಬುದು ಅಲ್ಲಿಯ ಕಥೆ. ಮುದ್ದೇಬಿಹಾಳ ತಾಲೂಕಿನ ತಂಗಡಗಿ, ಕೃಷ್ಣೆಯ ದಡದಲ್ಲಿ, ಹಡಪದ ಅಪ್ಪಣ್ಣನ ಹೆಸರಿನೊಡನೆ ಬೆಸೆದುಕೊಂಡ ಊರು. ಅಗಸ, ಕುರಿಗಾಹಿ, ಹಡಪ ಹಿಡಿದು ಸೇವೆ ಮಾಡಿದವನು: ಇವರ ಹಣೆಯಲ್ಲಿದ್ದುದು ದಂಡನಾಯಕ ಬಸವಣ್ಣನವರ ಹಣೆಯಲ್ಲಿದ್ದ ಬೂದಿಯೇ. ಗೊಲ್ಲಾಳನ ಕಥೆಯನ್ನು ಕೇಳಿ ನಗುವವರು, ವಿಭೂತಿಯೂ ಕೊನೆಗೆ ಸುಟ್ಟ ಸಗಣಿಯೇ ಎಂಬುದನ್ನು ನೆನೆಯಬೇಕು. ಆಕಳ ಸಗಣಿಯನ್ನು ಒಣಗಿಸಿ, ಸುಟ್ಟು, ಬೂದಿಯನ್ನು ನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ತಳಕ್ಕೆ ಕೂತ ನುಣ್ಣನೆಯ ಭಾಗವನ್ನು ಗಟ್ಟಿ ಕಟ್ಟಿ ಒಣಗಿಸುತ್ತಾರೆ. ಬಾದಾಮಿಯ ಬಳಿ ಮಲಪ್ರಭೆಯ ದಡದಲ್ಲಿ ಹಾನಗಲ್ಲ ಕುಮಾರ ಸ್ವಾಮಿಗಳು 1909ರಲ್ಲಿ ಸ್ಥಾಪಿಸಿದ ಶಿವಯೋಗಮಂದಿರ ಇಂಥ ವಿಭೂತಿಗೆ ಹೆಸರಾಗಿದೆ. ಎಲ್ಲರ ಹಿತ್ತಲಲ್ಲಿಯೂ ಸಿಗುವ ವಸ್ತು, ಎಲ್ಲರ ಒಲೆಯಲ್ಲಿಯೂ ಆಗುವ ಕ್ರಿಯೆ. ಶ್ರೀಗಂಧವನ್ನು ಕೊಳ್ಳಲಾರದವನಿಗೂ ಬೂದಿ ಎಟುಕುತ್ತದೆ.

ಆದರೆ ಒಂದೇ ಬೂದಿಯನ್ನು ಹಚ್ಚಿಕೊಂಡ ಎರಡು ಮನೆಗಳ ನಡುವೆ ಮದುವೆಯ ಮಾತು ಬಂದಾಗ ಏನಾಯಿತು? ಬ್ರಾಹ್ಮಣ ಮೂಲದ ಮಧುವರಸನ ಮಗಳನ್ನು ಸಮಗಾರ ಹರಳಯ್ಯನ ಮಗನಿಗೆ ಕೊಟ್ಟಾಗ ಕಲ್ಯಾಣ ಸಿಡಿಯಿತೆಂದು ಪರಂಪರೆ ಹೇಳುತ್ತದೆ. ಹಣೆಗಳು ಒಂದಾದುದನ್ನು ಸಹಿಸಿದ್ದ ಅರಸೊತ್ತಿಗೆ ಮನೆಗಳು ಒಂದಾಗುವುದನ್ನು ಸಹಿಸಲಿಲ್ಲ. 1167ರ ಸುಮಾರಿಗೆ ಬಿಜ್ಜಳನ ಆಳಿಕೆ ಮುಗಿಯಿತು, ಶರಣರು ಚದುರಿದರು. ವಿಭೂತಿ ಉಳಿಯಿತು. ಉಳಿದುದೇನೋ ಹೌದು, ಆದರೆ ಕ್ರಮೇಣ ಜಾತಿಯನ್ನು ಅಳಿಸಲೆಂದು ಬಂದ ಗುರುತೇ ಜಾತಿಯನ್ನು ಹೇಳುವ ಗುರುತಾಯಿತು. ಬಾವಿಯ ಕಟ್ಟೆಯಲ್ಲಿ, ಊಟದ ಪಂಕ್ತಿಯಲ್ಲಿ, ಕನ್ಯೆ ನೋಡುವ ಪಡಸಾಲೆಯಲ್ಲಿ ಹಣೆಯನ್ನು ಮೊದಲು ಓದಿ ಆಮೇಲೆ ಮಾತನಾಡಿಸುವುದು ರೂಢಿಯಾಯಿತು.

ಇದನ್ನು ಶರಣರು ಮುಂಚೆಯೇ ಊಹಿಸಿದ್ದರೇನೋ ಎಂಬಂತೆ ವಚನಗಳಲ್ಲಿ ಎಚ್ಚರಿಕೆಯಿದೆ. ಮಠಗಳ ಮತ್ತು ಮನೆಗಳ ತಾಡವೋಲೆಗಳಲ್ಲಿ ಉಳಿದಿದ್ದ ವಚನಗಳನ್ನು ಹುಡುಕಿ ಫ. ಗು. ಹಳಕಟ್ಟಿಯವರು 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಪ್ರಕಟಿಸಿದುದು 1923ರಲ್ಲಿ. ಬಿಜಾಪುರದಲ್ಲಿ ವಕೀಲಿ ಮಾಡುತ್ತ ಆ ಮಹನೀಯರು ಮಾಡಿದ ಕೆಲಸದಿಂದಾಗಿ ಓದುವವರೆಲ್ಲರಿಗೂ ಒಂದು ಸಂಗತಿ ತಿಳಿಯಿತು. ವಿಭೂತಿಯ ಮಹಿಮೆಯನ್ನು ಹಾಡಿದ ವಚನಕಾರರೇ, ನಡೆಯಿಲ್ಲದ ಹಣೆಗೆ ಬೂದಿ ಹಚ್ಚಿದರೆ ಅದು ಬರಿಯ ವೇಷ ಎಂದು ಮುಲಾಜಿಲ್ಲದೆ ಹೇಳಿದ್ದರು. ಗುರುತು ಹಚ್ಚಿಕೊಂಡವನಿಗೆ ತನ್ನ ನೆನಪಿಗಾಗಿಯೇ ಹೊರತು ನೋಡುವವನ ಲೆಕ್ಕಕ್ಕಾಗಿ ಅಲ್ಲ ಎಂಬುದು ಅವರ ಅಭಿಪ್ರಾಯ.

ಬೂದಿಗೆ ಮಾತ್ರ ಯಾರ ಗಡಿಯೂ ಪೂರ್ತಿ ಹಿಡಿಸಲಿಲ್ಲ ಎನ್ನುವುದನ್ನೂ ಇಲ್ಲಿಯೇ ಹೇಳಬೇಕು. ನಮ್ಮ ಹಳ್ಳಿಗಳಲ್ಲಿ ಮೊಹರಮ್ಮಿನ ಅಲಾಯಿ ಹಬ್ಬವಾದಾಗ ಅಲಾಯಿ ಕುಣಿಯ ಬೂದಿಯನ್ನು ಮುಸಲ್ಮಾನರೊಡನೆ ಲಿಂಗಾಯತರೂ ಕುರುಬರೂ ದಲಿತರೂ ಹಣೆಗೆ ಒತ್ತಿಕೊಳ್ಳುತ್ತಾರೆ. ಹೋಳಿಯ ಮರುದಿನ ಸುಟ್ಟ ಕಾಮನ ಬೂದಿಯೂ ಹೀಗೆಯೇ ಓಣಿಯ ಹಣೆಗಳನ್ನೆಲ್ಲ ಸುತ್ತಿ ಬರುತ್ತದೆ. ದೂರದ ಕ್ರೈಸ್ತ ಚರ್ಚುಗಳಲ್ಲಿಯೂ ಉಪವಾಸ ಕಾಲದ ಮೊದಲ ದಿನವಾದ ಬೂದಿ ಬುಧವಾರದಂದು ಪಾದ್ರಿಗಳು ಭಕ್ತರ ಹಣೆಗೆ ಬೂದಿಯಿಂದ ಶಿಲುಬೆಯ ಗುರುತನ್ನು ಇಡುತ್ತಾರೆ. ನೀನು ಮಣ್ಣು, ಮಣ್ಣಿಗೇ ಹೋಗುವೆ ಎಂದು ನೆನಪಿಸುವುದು ಅದರ ಉದ್ದೇಶ. ಸುಟ್ಟ ಮೇಲೆ ಉಳಿಯುವುದರಲ್ಲಿ ಮೇಲುಕೀಳಿಲ್ಲ ಎಂಬುದನ್ನು ಮನುಷ್ಯರು ಬೇರೆ ಬೇರೆ ಕಡೆ ಬೇರೆ ಬೇರೆಯಾಗಿಯೇ ಕಂಡುಕೊಂಡಿದ್ದಾರೆ.

ಇನ್ನು ಕುಂಕುಮದ ಮಾತು. ಈ ಪದದ ಬದುಕೇ ಒಂದು ಸ್ವಾರಸ್ಯ. ಸಂಸ್ಕೃತದಲ್ಲಿ ಕುಂಕುಮವೆಂದರೆ ಕೇಸರಿ, ಕಾಶ್ಮೀರದಿಂದ ಬರುತ್ತಿದ್ದ ಬೆಲೆಯುಳ್ಳ ಹೂವಿನ ಎಳೆ. ನಮ್ಮ ಹಳಗನ್ನಡ ಕಾವ್ಯಗಳಲ್ಲಿ ಕಸ್ತೂರಿ, ಶ್ರೀಗಂಧಗಳ ಜೊತೆಗೆ ಬರುವ ಕುಂಕುಮ ಈ ಕೇಸರಿಯೇ. ಅದು ಅರಮನೆಯವರ ಮೈಲೇಪ. ಬಡವರ ಮನೆಗೆ ಇಳಿದು ಬಂದಾಗ ಹೆಸರು ಅದೇ ಉಳಿದು ವಸ್ತು ಬದಲಾಯಿತು. ಅರಿಷಿಣದ ಕೊಂಬನ್ನು ನಿಂಬೆಯ ರಸ ಮತ್ತು ಬಿಳಿಗಾರದಲ್ಲಿ ನೆನೆಸಿ, ಒಣಗಿಸಿ, ಕುಟ್ಟಿದರೆ ಹಳದಿ ಹೋಗಿ ಕೆಂಪು ಬರುತ್ತದೆ. ಈಗ ಭೌಗೋಳಿಕ ಸೂಚಿಯ ಮನ್ನಣೆ ಪಡೆದಿರುವ ಇಂಡಿಯ ನಿಂಬೆಹಣ್ಣಿನ ಸೀಮೆಯವರಾದ ನಮಗೆ ಈ ಕೆಂಪಿನಲ್ಲಿ ನಿಂಬೆಗೂ ಒಂದು ಪಾಲಿದೆ ಎಂಬುದು ಸಂತೋಷದ ಸಂಗತಿ. ಹಿಂದಿನ ಹೆಣ್ಣುಮಕ್ಕಳು ಹಣೆಗೆ ಮೊದಲು ಮೇಣ ಸವರಿ ಅದರ ಮೇಲೆ ಕುಂಕುಮವನ್ನು ಒತ್ತುತ್ತಿದ್ದರು, ದುಡಿಮೆಯ ಬೆವರಿಗೆ ಕರಗದಿರಲೆಂದು. ಈಗ ಅಂಗಡಿಯ ಟಿಕಳಿ ಆ ಕೆಲಸ ಮಾಡುತ್ತದೆ.

ಬೂದಿಯನ್ನು ಗುರು ಕೊಡುತ್ತಾನೆ. ಕುಂಕುಮವನ್ನು ಕೊಡುವವರು ಯಾರು? ಪ್ರಶ್ನೆ ಸರಳವೆಂದು ಕಂಡರೂ ಇದರಲ್ಲಿಯೇ ಗಂಟು ಇರುವುದು. ಹೆಣ್ಣುಕೂಸಿಗೆ ತಾಯಿ ಎರೆದು, ತೊಟ್ಟಿಲಿಗೆ ಹಾಕುವ ಮುನ್ನ ಕುಂಕುಮ ಹಚ್ಚುತ್ತಾಳೆ. ಐದು ವರುಷದ ಹುಡುಗಿ ತಾನೇ ಕನ್ನಡಿಯ ಮುಂದೆ ನಿಂತು ಹಚ್ಚಿಕೊಳ್ಳುತ್ತಾಳೆ. ಮದುವೆಗೆ ಮುಂಚೆ ಹತ್ತು ಹದಿನೆಂಟು ವರುಷ ಆ ಹಣೆಯಲ್ಲಿ ಕುಂಕುಮ ಇದ್ದೇ ಇರುತ್ತದೆ. ಮದುವೆಯ ದಿನ ಅದಕ್ಕೆ ಇನ್ನೊಂದು ಅರ್ಥ ಸೇರುತ್ತದೆ: ಮುತ್ತೈದೆತನ. ಗಂಡ ಸತ್ತ ದಿನ, ಮದುವೆಯಲ್ಲಿ ಸೇರಿದ ಅರ್ಥವನ್ನಷ್ಟೇ ಅಲ್ಲ, ತಾಯಿ ಹಚ್ಚಿದ್ದನ್ನೂ ಸೇರಿಸಿ ಒರೆಸಿಬಿಡುತ್ತಾರೆ. ಒರೆಸುವ ಕೈಯೂ ಬಹಳ ಸಲ ಇನ್ನೊಬ್ಬ ಹೆಣ್ಣಿನದೇ ಆಗಿರುತ್ತದೆ.

ನನ್ನ ಸೋದರತ್ತೆಯೊಬ್ಬಳು ಮುದ್ದೇಬಿಹಾಳ ತಾಲೂಕಿನ ಒಂದು ಹಳ್ಳಿಗೆ ಕೊಟ್ಟವಳು. ಇಪ್ಪತ್ತೈದು ತುಂಬುವ ಮೊದಲೇ ಗಂಡನನ್ನು ಕಳೆದುಕೊಂಡಳು. ಹೊಲ, ಎತ್ತು, ಇಬ್ಬರು ಮಕ್ಕಳು ಎಲ್ಲವನ್ನೂ ತಾನೇ ನಿಭಾಯಿಸಿದವಳು. ದಿನವೂ ಮುಂಜಾನೆ ಲಿಂಗಪೂಜೆ ಮುಗಿಸಿ ಹಣೆ ತುಂಬ ವಿಭೂತಿ ಧರಿಸಿಯೇ ಹೊಲಕ್ಕೆ ಹೊರಡುವಳು. ಕಾಲೇಜಿಗೆ ಸೇರಿದ ಹೊಸದರಲ್ಲಿ, ನಾಲ್ಕು ಪುಸ್ತಕ ಓದಿದ ಹುರುಪಿನಲ್ಲಿ ನಾನು ಕೇಳಿದೆ: "ಅತ್ತಿ, ಇಬತ್ತಿ ಹಚ್ಚಾಕ ಯಾರೂ ಬ್ಯಾಡ ಅನ್ನಲಿಲ್ಲೇನು?" ಅವಳು ಹಾರೆಯನ್ನು ಕೆಳಗಿಟ್ಟು ಹೇಳಿದಳು: "ಕುಂಕುಮ ಅವರ ಹೆಸರಿಲೆ ಇತ್ತಂತ, ಅವರ ಕೂಡ ಹೋತು ಅಂದರು. ಇಬತ್ತಿ ಗುರು ಹಚ್ಚಿದ್ದೋ ತಮ್ಮಾ. ಅದನ್ನ ಒರಸಾಕ ಯಾರ ಕೈ ಮುಂದ ಬರತೈತಿ?" ಆ ಮಾತಿನಲ್ಲಿ ಹೆಮ್ಮೆಯೂ ಇತ್ತು, ನೋವೂ ಇತ್ತು. ಅದೇ ವರುಷ ಅವಳ ಮಗಳ ಸೀಮಂತಕ್ಕೆ ಐದು ಮಂದಿ ಮುತ್ತೈದೆಯರು ಉಡಿ ತುಂಬಿದರು. ಹೆತ್ತ ತಾಯಿ ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು ನೋಡಿದಳು. ವಿಭೂತಿ ಅವಳ ಹಣೆಯನ್ನು ಬರಿದಾಗಲು ಬಿಡಲಿಲ್ಲ, ನಿಜ. ಮಗಳ ಉಡಿ ತುಂಬುವ ಹಕ್ಕನ್ನು ಮಾತ್ರ ಕೊಡಿಸಲಾರದೆ ಹೋಯಿತು.

ಹನ್ನೆರಡನೆಯ ಶತಮಾನದ ಸಮಾನತೆ ಎಲ್ಲಿಯವರೆಗೆ ಬಂದು ಎಲ್ಲಿ ನಿಂತಿತು ಎಂಬುದನ್ನು ಅಂಥ ಬಾಗಿಲುಗಳ ಹೊಸ್ತಿಲು ತೋರಿಸುತ್ತದೆ. ತಂಗಡಗಿಯನ್ನು ಈಗ ಮತ್ತೆ ನೆನೆಯಬೇಕು. ಕಲ್ಯಾಣದಿಂದ ಹೊರಟ ಬಸವಣ್ಣನವರು ಸಂಗಮದಿಂದ ನೀಲಾಂಬಿಕೆಯನ್ನು ಕರೆಕಳುಹಿಸಿದರು. ಆಕೆ ತಂಗಡಗಿಯವರೆಗೆ ಬಂದಾಗ ಬಸವಣ್ಣನವರು ಐಕ್ಯರಾದ ಸುದ್ದಿ ತಲುಪಿತು. ಆಕೆ ನದಿಯನ್ನು ದಾಟದೆ ಅಲ್ಲಿಯೇ ಐಕ್ಯಳಾದಳು ಎಂಬುದು ಐತಿಹ್ಯ. ಆಕೆಯ ಹೆಸರಿನಲ್ಲಿರುವ ವಚನಗಳಲ್ಲಿ ಅಗಲಿಕೆಯ ಉರಿಯೂ ಇದೆ, ಅದನ್ನು ಮೀರಿ ತನ್ನ ನಿಲುವನ್ನು ತಾನೇ ಕಂಡುಕೊಂಡ ಬೆಳಕೂ ಇದೆ. ಶರಣರ ಪರಂಪರೆ ಆಕೆಯನ್ನು ಯಾರದೋ ವಿಧವೆಯೆಂದು ನೆನೆಯಲಿಲ್ಲ. ವಚನಕಾರ್ತಿಯೆಂದು, ಶರಣೆಯೆಂದು ನೆನೆಯಿತು. ಆ ಊರಿನ ಸುತ್ತಣ ಹಳ್ಳಿಗಳಲ್ಲಿಯೇ ನಾವು ನಮ್ಮ ಅತ್ತೆಯರನ್ನು, ಅಕ್ಕಂದಿರನ್ನು ಬಾಗಿಲ ಮರೆಗೆ ನಿಲ್ಲಿಸಿದೆವು.

ದೇವತೆಯ ಕಥೆಯಲ್ಲಿಯೂ ಇದೇ ಗಂಟಿದೆ. ನಮ್ಮ ಜಿಲ್ಲೆಯಿಂದಲೂ ಬಂಡಿ ಕಟ್ಟಿಕೊಂಡು ಹೋಗುತ್ತಿದ್ದ ಸವದತ್ತಿಯ ಎಲ್ಲಮ್ಮ, ಜಮದಗ್ನಿ ಹತನಾದುದರಿಂದ ಮಾರ್ಗಶಿರದ ಹೊಸ್ತಿಲ ಹುಣ್ಣಿಮೆಗೆ ವಿಧವೆಯಾಗುತ್ತಾಳೆ. ಜನ ಅದನ್ನು ರಂಡಿ ಹುಣ್ಣಿಮೆ ಎನ್ನುತ್ತಾರೆ. ಮುಂದೆ ಮುತ್ತೈದೆ ಹುಣ್ಣಿಮೆಯಲ್ಲಿ ಅವಳಿಗೆ ಬಳೆ ಕುಂಕುಮಗಳು ಮರಳಿ ಬರುತ್ತವೆ. ದೇವಿಗೆ ವರ್ಷಕ್ಕೊಮ್ಮೆ ಕುಂಕುಮವನ್ನು ಹಿಂದಿರುಗಿಸುವ ಜನಪದ ಮನಸ್ಸು, ತನ್ನ ಮನೆಯ ಹೆಣ್ಣಿಗೆ ಒಂದು ಸಲವೂ ಹಿಂದಿರುಗಿಸಲಿಲ್ಲ. ಆ ದೇವಿಯ ಹೆಸರಿನಲ್ಲಿ ನಿತ್ಯಮುತ್ತೈದೆಯರೆಂದು ಮುತ್ತು ಕಟ್ಟಿದ ಹುಡುಗಿಯರ ಗತಿ ಏನಾಯಿತೆಂಬುದು ಎಲ್ಲರಿಗೂ ಗೊತ್ತು. ಆ ಪದ್ಧತಿಯನ್ನು ತಡೆಯಲು ಕರ್ನಾಟಕ 1982ರಲ್ಲಿ ಶಾಸನವನ್ನೇ ಮಾಡಬೇಕಾಯಿತು. ಕುಂಕುಮ ಇರಬೇಕೇ ಬೇಡವೇ ಎಂಬುದನ್ನು ಅವಳ ಹೊರಗಿನವರೇ ತೀರ್ಮಾನಿಸುವಾಗ, ಇದ್ದರೂ ಅದು ಹೊರೆಯೇ, ಇಲ್ಲದಿದ್ದರೂ ಹೊರೆಯೇ.

ಹಾಗೆಂದು ಹಳ್ಳಿಯವರೆಲ್ಲ ಕಲ್ಲೆದೆಯವರೆಂದು ತಿಳಿಯಬೇಕಾಗಿಲ್ಲ. ನಮ್ಮ ಕಡೆಯ ಹಲವು ಸಮುದಾಯಗಳಲ್ಲಿ ಉಡಕಿಯೆಂಬ ಮರುಮದುವೆ ಮೊದಲಿನಿಂದಲೂ ಇತ್ತು. 1856ರ ವಿಧವಾ ವಿವಾಹ ಕಾಯಿದೆಗೆ ಅವರು ಕಾದು ಕೂತಿರಲಿಲ್ಲ. ಉಡಕಿಯಾದವಳ ಹಣೆಗೆ ಕುಂಕುಮ ಮರಳುತ್ತಿತ್ತು. ಆದರೆ ಆರತಿಯ ತಟ್ಟೆ ಹಿಡಿಯಲು ಅವಳನ್ನು ಎಲ್ಲ ಮನೆಗಳಲ್ಲಿಯೂ ಕರೆಯುತ್ತಿರಲಿಲ್ಲ. ಇಂಡಿಯ ಸೀಮೆಯ ಹಲಸಂಗಿ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಸಂಗ್ರಹವನ್ನು ಹೊರತಂದಾಗ ಬೀಸುವ ಕಲ್ಲಿನ ಮುಂದೆ ಕೂತ ಹೆಣ್ಣುಮಕ್ಕಳ ತ್ರಿಪದಿಗಳನ್ನು ಓದಿ ನಾಡೇ ಬೆರಗಾಯಿತು. ತವರು, ಬಳೆ, ಕುಂಕುಮಗಳ ಹಾರೈಕೆ ಆ ಹಾಡುಗಳಲ್ಲಿ ತುಂಬಿದೆ. ಆ ಹಾಡುಗಳನ್ನು ನಸುಕಿನಲ್ಲಿ ಹಾಡಿದವರಲ್ಲಿ ಕುಂಕುಮ ಕಳೆದುಕೊಂಡವರೂ ಇದ್ದರೆಂಬುದನ್ನು ನಾವು ಪಾಠ ಹೇಳುವವರು ಬಹಳ ಸಲ ನೆನಪಿಸುವುದಿಲ್ಲ.

ಹಚ್ಚೆಯ ಬೊಟ್ಟಿನ ಅರ್ಥವೂ ನನಗೆ ಈ ಬೆಳಕಿನಲ್ಲಿ ಬೇರೆಯಾಗಿ ಕ��ಣುತ್ತದೆ. ಸೂಜಿಯ ನೋವನ್ನು ತಾಳಿ ಎಳವೆಯಲ್ಲಿ ಹಾಕಿಸಿಕೊಂಡ ಆ ಹಸಿರು ಚುಕ್ಕೆಯನ್ನು ಯಾವ ಸಾವೂ ಒರೆಸಲಾರದು. ಕುಂಕುಮವನ್ನು ಅಳಿಸಿದ ಎಷ್ಟೋ ಹಣೆಗಳಲ್ಲಿ ಅದು ಕೊನೆಯವರೆಗೆ ಉಳಿಯಿತು.

ಕಾಯಿದೆ ಮದುವೆಗೆ ಅನುಮತಿ ಕೊಡಬಹುದು. ಹಣೆಗೆ ಕುಂಕುಮ ಹಚ್ಚಲು ಬೇಕಾದುದು ಊರಿನ ಒಪ್ಪಿಗೆ. ಅದು ಸಾಧ್ಯವೆಂಬುದಕ್ಕೆ ಹತ್ತಿರದ ಒಂದು ನಿದರ್ಶನವಿದೆ. ನಮ್ಮ ಬೆಳಗಾವಿ ಜಿಲ್ಲೆಗೆ ತಾಗಿದ ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲೂಕಿನ ಹೇರವಾಡ ಎಂಬ ಹಳ್ಳಿ 2022ರ ಮೇ ತಿಂಗಳಲ್ಲಿ ಒಂದು ಠರಾವು ಮಾಡಿತು. ಗಂಡ ಸತ್ತಾಗ ಹೆಂಡತಿಯ ಕುಂಕುಮ ಒರೆಸುವುದು, ಬಳೆ ಒಡೆಯುವುದು, ತಾಳಿ ಕಾಲುಂಗುರ ತೆಗೆಯುವುದು ಇನ್ನು ಮೇಲೆ ನಮ್ಮ ಊರಲ್ಲಿ ಬೇಡ ಎಂಬುದು ಅದರ ಸಾರ. ಅದೇ ತಿಂಗಳು ಮಹಾರಾಷ್ಟ್ರ ಸರಕಾರ ಉಳಿದ ಗ್ರಾಮಪಂಚಾಯತಿಗಳೂ ಈ ಮೇಲ್ಪಂಕ್ತಿಯನ್ನು ಅನುಸರಿಸಲೆಂದು ಸುತ್ತೋಲೆ ಹೊರಡಿಸಿತು. ದೊಡ್ಡ ಪಂಡಿತರ ಸಭೆಯಲ್ಲ, ಪೀಠವಲ್ಲ. ಒಂದು ಹಳ್ಳಿಯ ಗ್ರಾಮಸಭೆ. ಠರಾವಿನಿಂದ ಎಲ್ಲ ಮನಸ್ಸುಗಳೂ ಒಂದೇ ದಿನದಲ್ಲಿ ತಿಳಿಯಾಗಲಿಕ್ಕಿಲ್ಲ. ಆದರೂ ಊರೇ ಒರೆಸುತ್ತಿದ್ದುದನ್ನು ಊರೇ ನಿಲ್ಲಿಸಬಹುದೆಂದು ಅದು ತೋರಿಸಿತು.

ಈ ಮಾತಿಗೆ ಎರಡು ಆಕ್ಷೇಪಣೆಗಳು ಬರುತ್ತವೆ. ಹಣೆಯ ಗುರುತುಗಳೇ ಬೇಡ, ಎಲ್ಲವನ್ನೂ ಅಳಿಸಿಬಿಟ್ಟರೆ ಭೇದ ತಾನೇ ಹೋಗುತ್ತದೆ ಎನ್ನುವವರು ಕೆಲವರು. ಬರಿಯ ಹಣೆಯ ಪಟ್ಟಣಗಳಲ್ಲಿಯೂ ಅಡ್ಡಹೆಸರು ಕೇಳಿ ಬಾಡಿಗೆಮನೆ ಕೊಡುವುದನ್ನು ನಾವು ಕಾಣುತ್ತೇವೆ. ಭೇದ ಹಣೆಯಲ್ಲಿಲ್ಲ, ಓದುವ ಕಣ್ಣಿನಲ್ಲಿದೆ. ಹಿಂದಿನಿಂದ ಬಂದುದನ್ನು ಮುಟ್ಟಬಾರದು ಎನ್ನುವವರು ಇನ್ನು ಕೆಲವರು. ಅವರಿಗೆ ಹೇಳಬೇಕಾದುದು ಇಷ್ಟೇ: ಹಿಂದಿನಿಂದ ಬಂದುದೇ ಬದಲಾಗುತ್ತ ಬಂದಿದೆ. ಕುಂಕುಮ ಕೇಸರಿಯಾಗಿತ್ತು, ಅರಿಷಿಣವಾಯಿತು, ಟಿಕಳಿಯಾಯಿತು. ಬೂದಿ ಸನ್ಯಾಸಿಯದಾಗಿತ್ತು, ಅಗಸನದೂ ಕುರಿಗಾಹಿಯದೂ ಆಯಿತು. ಅಷ್ಟು ದೊಡ್ಡ ಬದಲಾವಣೆಯನ್ನು ಎಂಟುನೂರು ವರ್ಷಗಳ ಹಿಂದೆ ಅರಗಿಸಿಕೊಂಡ ಈ ನೆಲ, ಒಬ್ಬ ತಾಯಿ ಕುಂಕುಮ ಹಚ್ಚಿಕೊಂಡು ತನ್ನ ಮಗಳ ಉಡಿ ತುಂಬುವುದನ್ನು ಅರಗಿಸಿಕೊಳ್ಳಲಾರದೆ?

ಹಚ್ಚಿಕೊಳ್ಳುವುದೂ ಬಿಡುವುದೂ ಹಣೆಯುಳ್ಳವರ ಇಷ್ಟ. ಗಂಡನಿಲ್ಲದ ಹೆಣ್ಣು ಕುಂಕುಮ ಒಲ್ಲೆನೆಂದರೆ ಅದೂ ಅವಳ ಮಾತೇ; ಬೇಕೆಂದರೆ ಬೇಡವೆನ್ನಲು ನಾವಾರು? ನಮ್ಮ ಮನೆಗಳಲ್ಲಿ ಮದುವೆ ಸೀಮಂತಗಳು ನಡೆಯುತ್ತಲೇ ಇರುತ್ತವೆ. ಅರಿಷಿಣ ಕುಂಕುಮದ ತಟ್ಟೆ ಸಾಲಿನುದ್ದಕ್ಕೂ ಸಾಗುವಾಗ ಒಬ್ಬಿಬ್ಬರನ್ನು ದಾಟಿಸಿ ಮುಂದೆ ಹೋಗುವುದನ್ನು ನಾವೆಲ್ಲ ಕಂಡವರೇ. ಮುಂದಿನ ಸಲ ಆ ತಟ್ಟೆ ಅವರ ಮುಂದೆಯೂ ಒಂದು ಗಳಿಗೆ ನಿಲ್ಲಲಿ. ತೆಗೆದುಕೊಳ್ಳುವುದು ಬಿಡುವುದು ಅವರಿಗೆ ಬಿಟ್ಟದ್ದು.